ಔಷಧವು ದಾನವೋ, ನ್ಯಾಯವೋ?

ಪ್ರತಿವರ್ಷ ಫೆಬ್ರವರಿ 11ರಂದು, ಲೂರ್ದುಮಾತೆಯ ಸ್ಮರಣೆಯ ದಿನ, ಧರ್ಮಸಭೆಯು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ಸಂತ ಎರಡನೆಯ ಜಾನ್ ಪಾಲ್ ಅವರು 1992ರಲ್ಲಿ ಸ್ಥಾಪಿಸಿದ ಈ ಆಚರಣೆ ನಮ್ಮ ಧರ್ಮಕೇಂದ್ರಗಳಲ್ಲಿ ಈಗ ರೂಢಿಯಾಗಿ ನೆಲೆಗೊಂಡಿದೆ. ಅಂದು ವಯೋವೃದ್ಧರನ್ನೂ ಅಸ್ವಸ್ಥರನ್ನೂ ದೇವಾಲಯಕ್ಕೆ ಕರೆತಂದು ಅಭ್ಯಂಗ ಸಂಸ್ಕಾರವನ್ನು ನೀಡಲಾಗುತ್ತದೆ. ಯುವಜನರೂ ಸೇವಾಸಂಘಗಳ ಸದಸ್ಯರೂ ಹಣ್ಣು, ಬ್ರೆಡ್ಡು ಹಿಡಿದು ಆಸ್ಪತ್ರೆಗಳಿಗೆ ಹೋಗಿಬರುತ್ತಾರೆ. ಇವೆಲ್ಲವೂ ಪುಣ್ಯಕಾರ್ಯಗಳೇ, ಇವುಗಳನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಆದರೆ ಈ ಎಲ್ಲ ಚಿತ್ರಗಳಲ್ಲಿಯೂ ರೋಗಿ ಮಲಗಿರುತ್ತಾನೆ, ನಾವು ನಿಂತಿರುತ್ತೇವೆ. ಆತ ಪಡೆಯುತ್ತಾನೆ, ನಾವು ಕೊಡುತ್ತೇವೆ. ಆತನಿಗೂ ಹೇಳುವುದೇನಾದರೂ ಇದ್ದೀತು ಎಂಬ ಯೋಚನೆ ನಮಗೆ ಬರುವುದು ಅಪರೂಪ.

ಆಫ್ರಿಕಾ ಖಂಡದ ಕೆಲವು ದೇಶಗಳಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ರೋಗಿಗಳು ತಾವೇ ಎದ್ದುನಿಂತು ಮಾತನಾಡಿದ್ದಾರೆ. ಬೀದಿಯಲ್ಲಿ, ಸಂಸತ್ತಿನ ಮುಂದೆ, ನ್ಯಾಯಾಲಯದ ಕಟಕಟೆಯಲ್ಲಿ ನಿಂತು ‘ಈ ಔಷಧ ನಮಗೆ ಸಲ್ಲಬೇಕಾದುದು’ ಎಂದು ವಾದಿಸಿದ್ದಾರೆ. ಅವರ ವಾದವನ್ನು ಈ ವಾರ ಪರಿಶೀಲಿಸಲು ನಮ್ಮನ್ನು ಪ್ರೇರೇಪಿಸಿದ್ದು ಇತ್ತೀಚಿನ ಒಂದು ಘಟನೆ. 2025ರ ಜನವರಿ 20ರಂದು ಅಮೆರಿಕದ ನೂತನ ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ದಿನವೇ ವಿದೇಶೀ ನೆರವನ್ನು ತಡೆಹಿಡಿಯುವ ಆಜ್ಞೆಗೆ ಸಹಿ ಹಾಕಿದರು. ಕೆಲವೇ ದಿನಗಳಲ್ಲಿ ಆಫ್ರಿಕಾದ ಅನೇಕ ಚಿಕಿತ್ಸಾಲಯಗಳ ಬಾಗಿಲಿಗೆ ಬೀಗ ಬಿತ್ತು. ಆ ವರ್ಷದ ಜುಲೈ ವೇಳೆಗೆ ಅಮೆರಿಕದ ನೆರವು ಸಂಸ್ಥೆಯನ್ನೇ ಮುಚ್ಚಲಾಯಿತು. ಸಾವಿರಾರು ಮೈಲಿ ದೂರದ ಒಂದು ಸಹಿಯಿಂದ ಹಳ್ಳಿಯೊಂದರ ತಾಯಿಯ ಮಾತ್ರೆ ನಿಂತುಹೋಗಬಹುದೇ? ಹಾಗೆ ನಿಂತರೆ ಅದು ಕೇವಲ ದಾನಿಯ ಇಚ್ಛೆಯ ವಿಷಯವೇ, ಅಥವಾ ಅಲ್ಲಿ ಅನ್ಯಾಯವೇನಾದರೂ ನಡೆದಿದೆಯೇ? ಪ್ರಶ್ನೆ ಇದು.

ಮನೆಯಂಗಳದಲ್ಲಿ ಹುಟ್ಟಿದ ಸಂಘ

ಏಡ್ಸ್ ರೋಗವು ಪೂರ್ವ ಆಫ್ರಿಕಾದ ಉಗಾಂಡಾ ದೇಶವನ್ನು ಆವರಿಸಿದ ಆರಂಭದ ದಿನಗಳಲ್ಲಿ ಅದಕ್ಕೆ ಔಷಧವೆಂಬುದೇ ಇರಲಿಲ್ಲ. ರೋಗಿಗಳನ್ನು ಆಸ್ಪತ್ರೆಯ ಮೂಲೆಗೆ ತಳ್ಳಲಾಗುತ್ತಿತ್ತು. ಬಂಧುಗಳೂ ಮುಟ್ಟಲು ಹೆದರುತ್ತಿದ್ದರು. ನೊಯೆರಿನ್ ಕಲೀಬಾ ಎಂಬ ಮಹಿಳೆ 1987ರ ಜನವರಿಯಲ್ಲಿ ತಮ್ಮ ಪತಿಯನ್ನು ಈ ರೋಗಕ್ಕೆ ಬಲಿಕೊಟ್ಟರು. ಅದೇ ವರ್ಷ, ಇದೇ ಕಷ್ಟವನ್ನು ಅನುಭವಿಸುತ್ತಿದ್ದ ಬೆರಳೆಣಿಕೆಯ ಜನರೊಂದಿಗೆ ಸೇರಿ ‘ಟಾಸೊ’ ಎಂಬ ಏಡ್ಸ್ ನೆರವು ಸಂಘವನ್ನು ಕಟ್ಟಿದರು. ಸ್ಥಾಪಕರಲ್ಲಿ ಹಲವರು ಸ್ವತಃ ಸೋಂಕಿತರಾಗಿದ್ದು ಬೇಗನೆ ತೀರಿಕೊಂಡರು. ರೋಗಿಯನ್ನು ಮನುಷ್ಯನಂತೆ ಕಾಣಬೇಕು, ಆತನೊಂದಿಗೆ ಕುಳಿತು ಮಾತನಾಡಬೇಕು, ಸಾಯುವವರೆಗೆ ಘನತೆಯಿಂದ ಬಾಳಲು ಬಿಡಬೇಕು ಎಂಬುದೇ ಆ ಸಂಘದ ಬೇಡಿಕೆಯಾಗಿತ್ತು. ಅದೇ ಕಾಲದಲ್ಲಿ ಉಗಾಂಡಾದ ಮಸಾಕಾ ಪ್ರಾಂತ್ಯದ ಕಿಟೋವು ಕಥೋಲಿಕ ಆಸ್ಪತ್ರೆಯ ಧಾರ್ಮಿಕ ಸಹೋದರಿಯರು ಹಳ್ಳಿಹಳ್ಳಿಗೆ ವಾಹನದಲ್ಲಿ ತೆರಳಿ ರೋಗಿಗಳನ್ನು ಮನೆಯಲ್ಲಿಯೇ ಉಪಚರಿಸತೊಡಗಿದರು. ಆಸ್ಪತ್ರೆಯ ಗೋಡೆಗಳನ್ನು ದಾಟಿ ಮನೆಯಂಗಳಕ್ಕೆ ಬಂದ ಈ ಸೇವೆ ಖಂಡದಲ್ಲಿ ಹೊಸ ದಾರಿಯನ್ನು ತೆರೆಯಿತು.

1996ರ ವೇಳೆಗೆ ಪರಿಸ್ಥಿತಿ ಬದಲಾಯಿತು. ಮೂರು ಔಷಧಗಳನ್ನು ಕೂಡಿಸಿ ನೀಡಿದರೆ ಎಚ್.ಐ.ವಿ. ಸೋಂಕನ್ನು ಹತೋಟಿಯಲ್ಲಿಡಬಹುದೆಂದು ವಿಜ್ಞಾನ ತೋರಿಸಿತು. ಪಶ್ಚಿಮದ ದೇಶಗಳಲ್ಲಿ ಮರಣಶಯ್ಯೆಯಲ್ಲಿದ್ದವರು ಎದ್ದು ಕೆಲಸಕ್ಕೆ ಹೋದರು. ಆದರೆ ಆ ಔಷಧಗಳ ಬೆಲೆ ಒಬ್ಬ ರೋಗಿಗೆ ವರ್ಷಕ್ಕೆ 10,000ದಿಂದ 15,000 ಡಾಲರುಗಳಷ್ಟಿತ್ತು. ಪೇಟೆಂಟಿನ ರಕ್ಷಣೆಯಲ್ಲಿದ್ದ ಕಂಪೆನಿಗಳು ಬೆಲೆಯನ್ನು ಇಳಿಸಲು ಒಪ್ಪಲಿಲ್ಲ. ಹೀಗೆ ಒಂದೇ ರೋಗಕ್ಕೆ ಎರಡು ವಿಧಿಗಳಾದವು: ಶ್ರೀಮಂತ ದೇಶದಲ್ಲಿ ಬದುಕು, ಬಡ ದೇಶದಲ್ಲಿ ಸಾವು. ಈ ಭೇದವನ್ನು ಪ್ರಕೃತಿ ಮಾಡಿದ್ದಲ್ಲ. ಮನುಷ್ಯರ ಕಾನೂನು ಮತ್ತು ವ್ಯಾಪಾರ ಮಾಡಿದ್ದು. ಮನುಷ್ಯರು ಮಾಡಿದ್ದನ್ನು ಮನುಷ್ಯರು ಬದಲಾಯಿಸಬಹುದು ಎಂಬ ಅರಿವಿನಿಂದಲೇ ದಕ್ಷಿಣ ಆಫ್ರಿಕಾದ ಚಳವಳಿ ಹುಟ್ಟಿತು.

ಪ್ರಧಾನಾಲಯದ ಮೆಟ್ಟಿಲುಗಳ ಮೇಲೆ

1998ರ ಡಿಸೆಂಬರ್ 10, ಮಾನವ ಹಕ್ಕುಗಳ ದಿನ. ಕೇಪ್‌ಟೌನ್ ನಗರದಲ್ಲಿ ಆಂಗ್ಲಿಕನ್ ಸಭೆಯ ಸಂತ ಜಾರ್ಜರ ಪ್ರಧಾನಾಲಯದ ಮೆಟ್ಟಿಲುಗಳ ಮೇಲೆ ಕೆಲವೇ ಮಂದಿ ಉಪವಾಸ ಕುಳಿತು ದಾರಿಹೋಕರಿಂದ ಸಹಿ ಸಂಗ್ರಹಿಸಿದರು. ಅವರ ಮುಂದಾಳು ಜಾಕಿ ಅಖ್ಮತ್. ವರ್ಣಭೇದ ನೀತಿಯ ವಿರುದ್ಧ ಹೋರಾಡಿ ಸೆರೆಮನೆ ಕಂಡವರು, ಸ್ವತಃ ಎಚ್.ಐ.ವಿ. ಸೋಂಕಿತರು. ಅಂದು ಹುಟ್ಟಿದ ‘ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್’, ಅಂದರೆ ಚಿಕಿತ್ಸೆಗಾಗಿ ಹೋರಾಡುವ ಸಂಘಟನೆ, ಮುಂದೆ ದೇಶದ ಬಡ ಬಡಾವಣೆಗಳಲ್ಲಿ ಶಾಖೆಗಳನ್ನು ತೆರೆಯಿತು. ಅದರ ಸದಸ್ಯರಲ್ಲಿ ಹೆಚ್ಚಿನವರು ಕೆಲಸವಿಲ್ಲದ ಕಪ್ಪು ಮಹಿಳೆಯರಾಗಿದ್ದರು.

ಅದೇ ತಿಂಗಳು ಡರ್ಬನ್ ಸಮೀಪದ ಕ್ವಾಮಾಶು ಎಂಬಲ್ಲಿ ಗುಗು ಡ್ಲಾಮಿನಿ ಎಂಬ ಯುವತಿ, ತನಗೆ ಸೋಂಕಿದೆ ಎಂದು ಬಹಿರಂಗವಾಗಿ ಹೇಳಿಕೊಂಡದ್ದಕ್ಕಾಗಿ ನೆರೆಹೊರೆಯವರಿಂದಲೇ ಹಲ್ಲೆಗೊಳಗಾಗಿ ಸತ್ತಳು. ಅದಕ್ಕೆ ಸಂಘಟನೆಯ ಉತ್ತರವೇನಿತ್ತು? ‘ಎಚ್.ಐ.ವಿ. ಪಾಸಿಟಿವ್’ ಎಂದು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದ ಅಂಗಿಗಳನ್ನು ಸೋಂಕಿತರೂ ಸೋಂಕಿಲ್ಲದವರೂ ಒಟ್ಟಾಗಿ ತೊಟ್ಟು ಬೀದಿಗಿಳಿದರು. ಯಾರು ರೋಗಿ, ಯಾರು ಅಲ್ಲ ಎಂದು ನೋಡುವವನಿಗೆ ತಿಳಿಯದಂತಾಯಿತು. ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದ ಯೇಸುಸ್ವಾಮಿಯ ಕೃತ್ಯವನ್ನು ಬಲ್ಲ ನಮಗೆ ಈ ಅಂಗಿಯ ಅರ್ಥ ಹೊಳೆಯದೆ ಇರದು. 2002ರಲ್ಲಿ ನೆಲ್ಸನ್ ಮಂಡೇಲಾ ಅವರೂ ಕೇಪ್‌ಟೌನಿನ ಖಾಯೆಲಿಟ್ಷಾ ಬಡಾವಣೆಯ ಚಿಕಿತ್ಸಾಲಯಕ್ಕೆ ಬಂದು ಅದೇ ಅಂಗಿಯನ್ನು ತೊಟ್ಟರು.

ಈ ಸಂಘಟನೆಯ ಇನ್ನೊಂದು ಕೆಲಸ ಹೆಚ್ಚು ಪ್ರಚಾರ ಪಡೆಯಲಿಲ್ಲವಾದರೂ ನಮ್ಮ ದೃಷ್ಟಿಯಲ್ಲಿ ಅದೇ ಅಡಿಗಲ್ಲು. ಅವರು ರೋಗಿಗಳಿಗೆ ಪಾಠ ಹೇಳಿದರು. ವೈರಾಣು ದೇಹದಲ್ಲಿ ಏನು ಮಾಡುತ್ತದೆ, ಮಾತ್ರೆ ಹೇಗೆ ಕೆಲಸ ಮಾಡುತ್ತದೆ, ಹೊತ್ತು ತಪ್ಪಿದರೆ ಏನಾಗುತ್ತದೆ, ಔಷಧದ ಬೆಲೆ ಏಕೆ ಹೆಚ್ಚು ಎಂಬುದನ್ನು ಶೋಸಾ, ಜುಲು ಮೊದಲಾದ ಜನಭಾಷೆಗಳಲ್ಲಿ ತಿಳಿಸಿದರು. ಹೆಚ್ಚು ಓದಿರದ ತಾಯಂದಿರು ವೈದ್ಯರೊಂದಿಗೆ ಸರಿಸಮವಾಗಿ ಚರ್ಚಿಸುವಷ್ಟು ಬಲ್ಲವರಾದರು. 2001ರಲ್ಲಿ ಅಮೆರಿಕದ ನೆರವು ಸಂಸ್ಥೆಯ ಅಂದಿನ ಮುಖ್ಯಸ್ಥರು, ಆಫ್ರಿಕನ್ನರಿಗೆ ಗಡಿಯಾರದ ಹೊತ್ತು ತಿಳಿಯದು, ಆದುದರಿಂದ ಈ ಮಾತ್ರೆಗಳನ್ನು ಅವರು ಸರಿಯಾಗಿ ಸೇವಿಸಲಾರರು ಎಂಬರ್ಥದ ಮಾತನ್ನಾಡಿದ್ದರು. ಅದೇ ವರ್ಷ ಖಾಯೆಲಿಟ್ಷಾದಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ಆರಂಭಿಸಿದ ಚಿಕಿತ್ಸೆಯಲ್ಲಿ ಬಡರೋಗಿಗಳು ಹೊತ್ತಿಗೆ ಸರಿಯಾಗಿ ಮಾತ್ರೆ ಸೇವಿಸಿ ಚೇತರಿಸಿಕೊಂಡು ಆ ಮಾತಿಗೆ ತಕ್ಕ ಉತ್ತರ ಕೊಟ್ಟರು.

ಎರಡು ವ್ಯಾಜ್ಯಗಳು

ದಕ್ಷಿಣ ಆಫ್ರಿಕಾದ ಸರಕಾರ 1997ರಲ್ಲಿ ಅಗ್ಗದ ಔಷಧಗಳನ್ನು ತರಿಸಲು ಅನುವಾಗುವಂತೆ ಕಾನೂನನ್ನು ತಿದ್ದಿತು. 1998ರಲ್ಲಿ ಔಷಧ ತಯಾರಕರ ಸಂಘವೂ ಅನೇಕ ದೊಡ್ಡ ಕಂಪೆನಿಗಳೂ ಸೇರಿ ಸರಕಾರದ ಮೇಲೆ ವ್ಯಾಜ್ಯ ಹೂಡಿದವು. ಕೊನೆಯ ಹಂತದಲ್ಲಿ ಅರ್ಜಿದಾರ ಕಂಪೆನಿಗಳ ಸಂಖ್ಯೆ 39. ರೋಗಿಗಳ ಸಂಘಟನೆ ನ್ಯಾಯಾಲಯದ ಅನುಮತಿ ಪಡೆದು ಸರಕಾರದ ಪರ ವಾದಕ್ಕೆ ನಿಂತಿತು. ಲೋಕದಾದ್ಯಂತ ಪ್ರತಿಭಟನೆಗಳು ನಡೆದವು. 2001ರ ಏಪ್ರಿಲ್ 19ರಂದು ಕಂಪೆನಿಗಳು ವ್ಯಾಜ್ಯವನ್ನು ಹಿಂತೆಗೆದುಕೊಂಡವು.

ಇಲ್ಲಿ ನಮ್ಮ ದೇಶದ ಪಾತ್ರವನ್ನೂ ನೆನೆಯುವುದು ಉಚಿತ. ಭಾರತದ 1970ರ ಪೇಟೆಂಟ್ ಕಾನೂನು ಔಷಧವನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಏಕಸ್ವಾಮ್ಯವನ್ನು ನೀಡುತ್ತಿತ್ತು, ಔಷಧಕ್ಕೇ ನೀಡುತ್ತಿರಲಿಲ್ಲ. ಆ ಅವಕಾಶವನ್ನು ಬಳಸಿ ನಮ್ಮ ಕಂಪೆನಿಗಳು ಬೇರೆ ವಿಧಾನದಿಂದ ಅದೇ ಔಷಧವನ್ನು ಅಗ್ಗವಾಗಿ ತಯಾರಿಸಲು ಕಲಿತಿದ್ದವು. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪೆನಿಯ ಯೂಸುಫ್ ಹಮೀದ್ ಅವರು ಮೂರೂ ಔಷಧಗಳನ್ನು ವರ್ಷಕ್ಕೆ 350 ಡಾಲರಿಗೆ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಗೆ ಒದಗಿಸುವುದಾಗಿ ಘೋಷಿಸಿದರು. ಹತ್ತು ಸಾವಿರಕ್ಕೆ ಮಾರುತ್ತಿದ್ದುದನ್ನು ಮುನ್ನೂರೈವತ್ತಕ್ಕೆ ಕೊಡಲು ಸಾಧ್ಯವೆಂದಾಗ, ಬೆಲೆಯ ಕುರಿತಾದ ಹಳೆಯ ಸಮರ್ಥನೆಗಳು ಕುಸಿದುಬಿದ್ದವು.

ಎರಡನೆಯ ವ್ಯಾಜ್ಯ ಇನ್ನೂ ನೋವಿನದು. ಏಕೆಂದರೆ ಈ ಬಾರಿ ಎದುರಾಳಿ ತಮ್ಮದೇ ಸರಕಾರ. ಸೋಂಕಿತ ತಾಯಿಗೆ ಹೆರಿಗೆಯ ವೇಳೆ, ಶಿಶುವಿಗೆ ಹುಟ್ಟಿದ ಕೂಡಲೇ ನೆವಿರಾಪಿನ್ ಎಂಬ ಔಷಧವನ್ನು ಒಮ್ಮೆ ಕೊಟ್ಟರೆ ಸೋಂಕು ಮಗುವಿಗೆ ದಾಟುವುದು ಬಹುಮಟ್ಟಿಗೆ ತಪ್ಪುತ್ತಿತ್ತು. ತಯಾರಕ ಕಂಪೆನಿ ಅದನ್ನು ಐದು ವರ್ಷ ಉಚಿತವಾಗಿ ಕೊಡಲು ಮುಂದೆ ಬಂದಿತ್ತು. ಆ ಕಾಲಕ್ಕೆ ಅಲ್ಲಿ ವರ್ಷಕ್ಕೆ ಸುಮಾರು 70,000 ಶಿಶುಗಳಿಗೆ ತಾಯಿಯಿಂದ ಸೋಂಕು ತಗಲುತ್ತಿತ್ತು. ಆದರೆ ಅಧ್ಯಕ್ಷ ಥಾಬೊ ಎಂಬೆಕಿಯವರು ಏಡ್ಸ್ ರೋಗದ ಕಾರಣವನ್ನೇ ಸಂಶಯಿಸಿದರು. ಅವರ ಆರೋಗ್ಯ ಸಚಿವೆ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಗಳ ಗುಣಗಾನ ಮಾಡಿದರು. ಪ್ರಾಂತ್ಯಕ್ಕೆ ಎರಡರಂತೆ ಕೆಲವೇ ಪ್ರಾಯೋಗಿಕ ಕೇಂದ್ರಗಳಲ್ಲಿ ಔಷಧ ದೊರೆಯುತ್ತಿತ್ತು. ಉಳಿದ ಸರಕಾರಿ ಆಸ್ಪತ್ರೆಗಳ ವೈದ್ಯರು ಅದನ್ನು ಕೊಡುವಂತಿರಲಿಲ್ಲ. ಮೂಢನಂಬಿಕೆಯು ಅಧಿಕಾರದ ಪೀಠವೇರಿದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರ ನಿದರ್ಶನ ಬೇಕಿಲ್ಲ. ಆ ನೀತಿಯಿಂದಾಗಿ 2000ದಿಂದ 2005ರವರೆಗೆ 3,30,000ಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್ ವಿದ್ವಾಂಸರು 2008ರಲ್ಲಿ ಅಂದಾಜು ಮಾಡಿದರು.

2000ದ ಜುಲೈಯಲ್ಲಿ ಡರ್ಬನ್ನಿನ ಅಂತಾರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ಎನ್‌ಕೋಸಿ ಜಾನ್ಸನ್ ಎಂಬ ಹನ್ನೊಂದು ವರ್ಷದ ಬಾಲಕ ವೇದಿಕೆಗೆ ಬಂದ. ಹುಟ್ಟಿನಿಂದಲೇ ಸೋಂಕಿತನಾಗಿದ್ದ ಆತ, ಗರ್ಭಿಣಿ ತಾಯಂದಿರಿಗೆ ಔಷಧ ಕೊಡಿ ಎಂದು ಸರಕಾರವನ್ನು ಕೇಳಿಕೊಂಡ. ಮರುವರ್ಷ ಜೂನ್ 1ರಂದು ಆತ ತೀರಿಕೊಂಡ. 2001ರ ಆಗಸ್ಟಿನಲ್ಲಿ ಸಂಘಟನೆಯು ಮಕ್ಕಳ ವೈದ್ಯರ ಜೊತೆಗೂಡಿ ನ್ಯಾಯಾಲಯದ ಮೆಟ್ಟಿಲೇರಿತು. 2002ರ ಜುಲೈ 5ರಂದು ಸಂವಿಧಾನ ನ್ಯಾಯಾಲಯವು ಸರಕಾರದ ನಿರ್ಬಂಧ ಅಸಮಂಜಸವೆಂದು ತೀರ್ಮಾನಿಸಿ, ಅಗತ್ಯವಿರುವಲ್ಲೆಲ್ಲ ಔಷಧ ಒದಗಿಸಬೇಕೆಂದು ಆದೇಶಿಸಿತು. ಎಲ್ಲ ಸೋಂಕಿತರಿಗೂ ಸರಕಾರಿ ಚಿಕಿತ್ಸೆ ದೊರೆಯಲು ಮತ್ತೆ ಮೆರವಣಿಗೆಗಳು, ಕಾನೂನುಭಂಗ ಚಳವಳಿ ಬೇಕಾದವು. ಬಡವರಿಗೆ ಸಿಗದ ಔಷಧವನ್ನು ತಾನು ಸೇವಿಸೆನೆಂದು ಪಣತೊಟ್ಟಿದ್ದ ಅಖ್ಮತ್ 2003ರಲ್ಲಿ, ಸರಕಾರ ಮಣಿದ ಬಳಿಕವೇ, ಸಂಗಾತಿಗಳ ಒತ್ತಾಯದ ಮೇರೆಗೆ ಮಾತ್ರೆ ಸೇವಿಸಿದರು. ಇಂದು ಆ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಈ ಚಿಕಿತ್ಸೆ ಪಡೆಯುತ್ತಿದ್ದಾರೆ. ಜಗತ್ತಿನಲ್ಲೇ ಅತಿ ದೊಡ್ಡ ಚಿಕಿತ್ಸಾ ಯೋಜನೆ ಅದು.

ಕೀನ್ಯಾದ ಗುರುಗಳು, ಉಗಾಂಡಾದ ತಾಯಂದಿರು

ಇದು ದಕ್ಷಿಣ ಆಫ್ರಿಕಾದ ಕಥೆ ಮಾತ್ರವಲ್ಲ. ಕೀನ್ಯಾದ ನೈರೋಬಿಯಲ್ಲಿ ಯೇಸುಸಭೆಯ ಗುರು ಆಂಜೆಲೊ ಡಿ’ಅಗೊಸ್ಟಿನೊ ಅವರು 1992ರಲ್ಲಿ ಸೋಂಕಿತ ಅನಾಥ ಮಕ್ಕಳಿಗಾಗಿ ‘ನ್ಯುಂಬಾನಿ’ ಎಂಬ ಆಶ್ರಯಧಾಮವನ್ನು ತೆರೆದರು. ಸ್ವಾಹಿಲಿ ಭಾಷೆಯಲ್ಲಿ ಆ ಪದದ ಅರ್ಥ ‘ಮನೆಯಲ್ಲಿ’. ಮೊದಮೊದಲು ಆ ಮನೆಯ ಮುಖ್ಯ ಕೆಲಸ ಮಕ್ಕಳು ಪ್ರೀತಿಯ ನಡುವೆ ಸಾಯುವಂತೆ ನೋಡಿಕೊಳ್ಳುವುದಾಗಿತ್ತು. ಆದರೆ ಬದುಕಿಸಬಲ್ಲ ಔಷಧವಿರುವಾಗ ಮಕ್ಕಳನ್ನು ಸಮಾಧಿ ಮಾಡುತ್ತ ಕೂರುವುದು ಸರಿಯಲ್ಲವೆಂದು ಅವರು ಅಗ್ಗದ ಜೆನೆರಿಕ್ ಔಷಧ ತರಿಸುವ ಹಕ್ಕಿಗಾಗಿ ದನಿಯೆತ್ತಿದರು. ಸರಕಾರಿ ಶಾಲೆಗಳು ಈ ಮಕ್ಕಳನ್ನು ಸೇರಿಸಿಕೊಳ್ಳಲು ನಿರಾಕರಿಸಿದಾಗ ನ್ಯಾಯಾಲಯಕ್ಕೆ ಹೋದರು. 2004ರ ಆರಂಭದಲ್ಲಿ ಸರಕಾರ ಮಣಿದು ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿತು. ಅನ್ನ ಹಾಕಿದ ಕೈಯೇ ಅರ್ಜಿಯನ್ನೂ ಬರೆಯಿತು. ದಯೆಯು ತನ್ನ ದಾರಿಯಲ್ಲಿ ನಿಷ್ಠೆಯಿಂದ ನಡೆದರೆ ನ್ಯಾಯದ ಬಾಗಿಲಿಗೇ ಬಂದು ಮುಟ್ಟುತ್ತದೆ ಎಂಬುದಕ್ಕೆ ಈ ಗುರುಗಳ ಬದುಕು ಸಾಕ್ಷಿ.

ಅದೇ ಕೀನ್ಯಾದಲ್ಲಿ 2008ರ ನಕಲಿ ಸರಕು ತಡೆ ಕಾನೂನಿನ ಪದಗಳು ಎಷ್ಟು ಸಡಿಲವಾಗಿದ್ದವೆಂದರೆ, ಗುಣಮಟ್ಟದ ಜೆನೆರಿಕ್ ಔಷಧವನ್ನೂ ‘ನಕಲಿ’ ಎಂದು ತಡೆಹಿಡಿಯಬಹುದಾಗಿತ್ತು. ಸೋಂಕಿನೊಂದಿಗೆ ಬಾಳುತ್ತಿದ್ದ ಮೂವರು ನಾಗರಿಕರು ಹೂಡಿದ ದಾವೆಯಲ್ಲಿ 2012ರ ಏಪ್ರಿಲಿನಲ್ಲಿ ನೈರೋಬಿಯ ಉಚ್ಚ ನ್ಯಾಯಾಲಯವು ಆ ಕಲಮುಗಳು ಜೀವ, ಘನತೆ ಮತ್ತು ಆರೋಗ್ಯದ ಹಕ್ಕುಗಳಿಗೆ ವಿರುದ್ಧವೆಂದು ತೀರ್ಪಿತ್ತಿತು.

ಉಗಾಂಡಾದಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಸಕಾಲದ ಆರೈಕೆ ದೊರೆಯದೆ ಇಬ್ಬರು ತಾಯಂದಿರು ಸತ್ತರು. ಅವರ ಕುಟುಂಬದವರು ಕಣ್ಣೀರೊರಸಿಕೊಂಡು ಸುಮ್ಮನಾಗಲಿಲ್ಲ. ಆರೋಗ್ಯದ ಹಕ್ಕಿಗಾಗಿ ದುಡಿಯುವ ಸಂಸ್ಥೆಯೊಂದರ ನೆರವಿನಿಂದ 2011ರಲ್ಲಿ ಸಂವಿಧಾನ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಇದು ಸರಕಾರದ ನೀತಿಯ ವಿಷಯ, ನಾವು ಕೈಹಾಕುವಂತಿಲ್ಲ ಎಂದು ನ್ಯಾಯಾಲಯ 2012ರಲ್ಲಿ ಅರ್ಜಿಯನ್ನು ತಳ್ಳಿಹಾಕಿತು. ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅರ್ಜಿಯನ್ನು ವಿಚಾರಿಸಲೇಬೇಕೆಂದು ಅದು 2015ರಲ್ಲಿ ಆಜ್ಞಾಪಿಸಿತು. ಕೊನೆಗೆ 2020ರ ಆಗಸ್ಟಿನಲ್ಲಿ ತೀರ್ಪು ಬಂತು: ತಾಯಂದಿರಿಗೆ ಮೂಲಭೂತ ಆರೈಕೆಯನ್ನು ಒದಗಿಸದಿರುವುದು ಸಂವಿಧಾನದ ಉಲ್ಲಂಘನೆ, ಸರಕಾರ ಅದಕ್ಕೆ ಸಾಕಷ್ಟು ಹಣ ತೆಗೆದಿಡಬೇಕು. ಒಂಬತ್ತು ವರ್ಷಗಳ ಕಾಲ ಬಾಗಿಲು ತಟ್ಟಿದ ಈ ಬಡ ಕುಟುಂಬಗಳನ್ನು ನೆನೆದಾಗ, ಸಂತ ಲೂಕರ ಶುಭಸಂದೇಶದಲ್ಲಿ ದೇವರಿಗೂ ಮನುಷ್ಯರಿಗೂ ಅಂಜದ ನ್ಯಾಯಾಧಿಪತಿಯ ಬಳಿ ಮತ್ತೆ ಮತ್ತೆ ಹೋದ ವಿಧವೆಯ ಸಾಮತಿ ನಮ್ಮ ಕಣ್ಣಮುಂದೆ ಬರುತ್ತದೆ. ಎಡೆಬಿಡದ ಪ್ರಾರ್ಥನೆಗೆ ಆಕೆಯನ್ನು ಮಾದರಿಯೆಂದು ನಾವು ಪ್ರಬೋಧಿಸುತ್ತ ಬಂದಿದ್ದೇವೆ, ಅದು ಸರಿಯೇ. ಆದರೆ ಆಕೆ ಆ ನ್ಯಾಯಾಧಿಪತಿಯನ್ನು ಬೇಡಿದ್ದೇನೆಂದು ಗಮನಿಸಿದ್ದೇವೆಯೇ? ಕಾಸನ್ನಾಗಲಿ ಕಾಳನ್ನಾಗಲಿ ಬೇಡಲಿಲ್ಲ, ನ್ಯಾಯವನ್ನು ಕೇಳಿದಳು.

ಹಕ್ಕಿಗೆ ಮಿತಿಯಿಲ್ಲವೇ?

ವಿಚಾರವಂತರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಹಕ್ಕು ಇದ್ದಲ್ಲಿ ಅದನ್ನು ಪೂರೈಸುವ ಕರ್ತವ್ಯವು ಯಾರದಾದರೂ ಇರಲೇಬೇಕು. ಬೊಕ್ಕಸವೇ ಬರಿದಾದ ದೇಶದಲ್ಲಿ ಔಷಧದ ಹಕ್ಕೆಂಬುದು ಬರಿಯ ಮಾತಲ್ಲವೇ? ಈ ಆಕ್ಷೇಪ ನಿರಾಧಾರವಾದುದಲ್ಲ. ಅದೇ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯದ ಮುಂದೆ 1997ರಲ್ಲಿ, ಮೂತ್ರಪಿಂಡ ವಿಫಲವಾಗಿ ಡಯಾಲಿಸಿಸ್ ಬೇಡಿದ ರೋಗಿಯೊಬ್ಬರ ಅರ್ಜಿ ಬಂದಿತ್ತು. ಯಂತ್ರಗಳು ಕೆಲವೇ ಇದ್ದವು. ಗುಣವಾಗುವ ಸಂಭವ ಹೆಚ್ಚಿದ್ದವರಿಗೆ ಮೊದಲ ಅವಕಾಶವೆಂಬ ಆಸ್ಪತ್ರೆಯ ನಿಯಮ ನ್ಯಾಯವಾಗಿಯೇ ಇದೆಯೆಂದು ನ್ಯಾಯಾಲಯ ಅರ್ಜಿಯನ್ನು ನಿರಾಕರಿಸಿತು. ಸ್ವಲ್ಪ ಕಾಲದಲ್ಲೇ ಆ ರೋಗಿ ತೀರಿಕೊಂಡರು. ಐದು ವರ್ಷಗಳ ಬಳಿಕ ಅದೇ ನ್ಯಾಯಾಲಯ ತಾಯಂದಿರ ಪರವಾಗಿ ತೀರ್ಪು ನೀಡಿತು; ಏಕೆಂದರೆ ಅಲ್ಲಿ ಔಷಧ ಉಚಿತವಾಗಿತ್ತು, ಕೊಡಬಲ್ಲ ವೈದ್ಯರಿದ್ದರು, ಕೊಡದಿರಲು ಒಪ್ಪತಕ್ಕ ಕಾರಣವಿರಲಿಲ್ಲ.

ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದರೆ ಆರೋಗ್ಯದ ಹಕ್ಕೆಂದರೇನೆಂಬುದು ಸ್ಪಷ್ಟವಾಗುತ್ತದೆ. ಕೇಳಿದ್ದೆಲ್ಲವೂ ದೊರೆಯಬೇಕೆಂಬ ಹಟ ಅದಲ್ಲ. ಇರುವುದನ್ನು ಹೇಗೆ ಹಂಚಲಾಗುತ್ತಿದೆ, ನನಗೇಕೆ ಇಲ್ಲ ಎಂದು ಕೇಳುವ ಅಧಿಕಾರ ರೋಗಿಗಿದೆ. ಕಾರಣವನ್ನು ಹೇಳುವ ಹೊಣೆ ಆಳುವವರಿಗಿದೆ. ದಾನಿಯು ಕಾರಣ ಹೇಳಬೇಕಾಗಿಲ್ಲ. ಕೊಟ್ಟರೆ ಕೊಟ್ಟ, ಬಿಟ್ಟರೆ ಬಿಟ್ಟ. ಋಣಿಯು ಕಾರಣ ಹೇಳಲೇಬೇಕು. ದಾನಕ್ಕೂ ನ್ಯಾಯಕ್ಕೂ ಇರುವ ವ್ಯತ್ಯಾಸ ಇಷ್ಟೇ. ಆದರೆ ಇದು ಜೀವ ಮರಣಗಳ ವ್ಯತ್ಯಾಸ.

ಧರ್ಮಸಭೆಯ ಬೋಧನೆಗೆ ಇದು ಹೊಸದೇನಲ್ಲ. ಬಡವರಿಗೆ ಅಗತ್ಯವಾದುದನ್ನು ಕೊಡುವಾಗ ನಾವು ಅವರದನ್ನೇ ಅವರಿಗೆ ಹಿಂದಿರುಗಿಸುತ್ತೇವೆ ಎಂದು ಮಹಾ ಸಂತ ಗ್ರೆಗೊರಿಯವರು ಆರನೆಯ ಶತಮಾನದಲ್ಲಿಯೇ ತಿಳಿಸಿದ್ದರು. ಪ್ರಾಣಸಂಕಟದ ಅಗತ್ಯದಲ್ಲಿ ಲೋಕದ ವಸ್ತುಗಳು ಎಲ್ಲರಿಗೂ ಸೇರಿದವು ಎಂಬುದು ಸಂತ ಥಾಮಸ್ ಅಕ್ವಿನಾಸರ ತರ್ಕ. ಇಪ್ಪತ್ತಮೂರನೆಯ ಜಾನ್ ಅವರು ಜಗದ್ಗುರುಗಳಾಗಿ 1963ರಲ್ಲಿ ಹೊರಡಿಸಿದ ‘ಪಾಚೆಮ್ ಇನ್ ತೆರ್ರಿಸ್’ ವಿಶ್ವಪರಿಪತ್ರ ವೈದ್ಯಕೀಯ ಆರೈಕೆಯನ್ನು ಮನುಷ್ಯನ ಹಕ್ಕುಗಳ ಸಾಲಿನಲ್ಲಿ ಎಣಿಸಿತು. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನದ ಹೆಸರಿನಲ್ಲಿ ಕೊಡಬಾರದು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತ ತನ್ನ ಆದೇಶಪತ್ರದಲ್ಲಿ ಎಚ್ಚರಿಸಿತು. ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರಿನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ಒಟ್ಟಾಗಿ ಲಸಿಕೆ, ಔಷಧಗಳ ಪೇಟೆಂಟನ್ನು ತಾತ್ಕಾಲಿಕವಾಗಿ ಸಡಿಲಿಸಬೇಕೆಂದು ವಿಶ್ವ ವ್ಯಾಪಾರ ಸಂಸ್ಥೆಯನ್ನು ಕೇಳಿದಾಗ, ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2021ರ ಮೇ ತಿಂಗಳಲ್ಲಿ ಪೇಟೆಂಟ್ ಸಡಿಲಿಕೆಯ ಪರವಾಗಿ ಮಾತನಾಡಿದ್ದೂ ಈ ಪರಂಪರೆಗೆ ಅನುಗುಣವಾಗಿಯೇ.

ಈ ಚಳವಳಿಗಳ ಎಲ್ಲ ನಿಲುವುಗಳನ್ನೂ ನಾವು ಅನುಮೋದಿಸುತ್ತೇವೆಂದು ಯಾರೂ ಭಾವಿಸಬೇಕಾಗಿಲ್ಲ. ಸೋಂಕು ತಡೆಯ ವಿಧಾನಗಳ ಕುರಿತು ಧರ್ಮಸಭೆಯ ನೈತಿಕ ಬೋಧನೆಗೂ ಅವರ ಪ್ರಚಾರಕ್ಕೂ ನಡುವೆ ಭೇದವಿತ್ತು, ಈಗಲೂ ಇದೆ. ಆದರೆ ಆ ಭೇದವನ್ನೇ ನೆವಮಾಡಿಕೊಂಡು ಹಾಸಿಗೆ ಹಿಡಿದ ರೋಗಿಯಿಂದ ಮುಖ ತಿರುಗಿಸುವುದು ನಮಗೆ ಶೋಭೆಯಲ್ಲ. ದಕ್ಷಿಣ ಆಫ್ರಿಕಾದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2004ರಿಂದ ತನ್ನ ಏಡ್ಸ್ ಕಾರ್ಯಾಲಯದ ಮೂಲಕ ಬಡ ಬಡಾವಣೆಗಳಲ್ಲಿ ಔಷಧ ವಿತರಣೆಯನ್ನು ನಡೆಸಿತು.

ಇಂದಿನ ಪರೀಕ್ಷೆ

ಈಗ 2025ರ ಪ್ರಶ್ನೆಗೆ ಮರಳೋಣ. ಅಮೆರಿಕವು 2003ರಲ್ಲಿ ಆರಂಭಿಸಿದ ಏಡ್ಸ್ ನೆರವು ಯೋಜನೆ ಮಹತ್ತರವಾದುದು. ಸುಮಾರು 2 ಕೋಟಿ 50 ಲಕ್ಷ ಜೀವಗಳನ್ನು ಉಳಿಸಿದೆಯೆಂಬುದು ಆ ಯೋಜನೆಯದೇ ಲೆಕ್ಕ. ಆ ಔದಾರ್ಯವನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಆದರೆ ನೆರವು ನಿಂತಾಗ ಬಿದ್ದ ಪೆಟ್ಟು ಎಲ್ಲ ಕಡೆ ಒಂದೇ ರೀತಿಯದಾಗಿರಲಿಲ್ಲ. ದಕ್ಷಿಣ ಆಫ್ರಿಕಾದ ಏಡ್ಸ್ ವೆಚ್ಚದಲ್ಲಿ ಅಮೆರಿಕದ ಪಾಲು ನೂರಕ್ಕೆ ಸುಮಾರು 17ರಷ್ಟಿತ್ತು. ಮಾತ್ರೆಗಳನ್ನು ಬಹುಮಟ್ಟಿಗೆ ಆ ದೇಶದ ಬೊಕ್ಕಸವೇ ಕೊಳ್ಳುತ್ತದೆ. ಸಾವಿರಾರು ಆರೋಗ್ಯ ಕಾರ್ಯಕರ್ತರು ಅಲ್ಲಿಯೂ ಕೆಲಸ ಕಳೆದುಕೊಂಡರು, ಅನೇಕ ಸೇವೆಗಳು ಕುಂಟಿದವು. ಆದರೆ ಔಷಧದ ಪೂರೈಕೆ ಪರದೇಶದ ಸಹಿಯನ್ನು ನೆಚ್ಚಿರಲಿಲ್ಲ. ಔಷಧಕ್ಕೂ ವಿದೇಶದ ಹಣವನ್ನೇ ನೆಚ್ಚಿದ್ದ ದೇಶಗಳಲ್ಲಿ ಆತಂಕ ಇನ್ನೂ ಆಳವಾಗಿತ್ತು. ದಕ್ಷಿಣ ಆಫ್ರಿಕಾ ನೆರೆಯ ದೇಶಗಳಿಗಿಂತ ಸಿರಿವಂತ ದೇಶವೆಂಬುದು ನಿಜ. ಆದರೆ ಸಿರಿಯಿದ್ದಾಗಲೂ ಅದು ಮೊದಲು ಕೊಟ್ಟಿರಲಿಲ್ಲ. ರೋಗಿಗಳು ಹಕ್ಕೆಂದು ಕೇಳಿದ ಬಳಿಕವೇ ಕೊಟ್ಟಿತು ಎಂಬುದನ್ನು ಮರೆಯಲಾಗದು. 2001ರಲ್ಲಿ ಆಫ್ರಿಕಾದ ನಾಯಕರು ಅಬುಜಾ ನಗರದಲ್ಲಿ ಸೇರಿ, ಆಯವ್ಯಯದ ನೂರಕ್ಕೆ 15 ಪಾಲನ್ನಾದರೂ ಆರೋಗ್ಯಕ್ಕೆ ಮೀಸಲಿಡುವುದಾಗಿ ವಚನವಿತ್ತರು. ಹೆಚ್ಚಿನ ದೇಶಗಳು ಆ ವಚನವನ್ನು ಪಾಲಿಸಿಲ್ಲ. ಪ್ರಶ್ನೆ ಕೇಳುವ ಜನಸಂಘಟನೆಗಳು ಇಂದು ಅಗತ್ಯವಾಗಿರುವುದು ಇಲ್ಲಿಯೇ.

ಆದರೆ ಆ ಸಂಘಟನೆಗಳೇ ಇಂದು ಬಡವಾಗಿವೆ. ಹಕ್ಕನ್ನು ಕೇಳುವವರೂ ಪರದೇಶದ ದಾನದಿಂದಲೇ ಕಚೇರಿ ನಡೆಸಬೇಕಾದ ವಿಪರ್ಯಾಸವನ್ನು ಮರೆಮಾಚಲಾಗದು. 2014ರಲ್ಲಿ ದಕ್ಷಿಣ ಆಫ್ರಿಕಾದ ಆ ಸಂಘಟನೆಯೇ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಇತ್ತ ಬೆಲೆಯ ಪ್ರಶ್ನೆ ಮರಳಿ ಎದ್ದಿದೆ. ವರ್ಷಕ್ಕೆ ಎರಡೇ ಚುಚ್ಚುಮದ್ದಿನಿಂದ ಎಚ್.ಐ.ವಿ. ಸೋಂಕನ್ನು ತಡೆಯುವ ಲೆನಾಕಪವಿರ್ ಎಂಬ ಔಷಧದ ಗುಣವನ್ನು 2024ರಲ್ಲಿ ಜಗತ್ತಿಗೆ ತೋರಿಸಿದ್ದು ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾಗಳ ತರುಣಿಯರ ಮೇಲೆ ನಡೆದ ಪ್ರಯೋಗ. ಅಮೆರಿಕದಲ್ಲಿ ಅದರ ಬೆಲೆ ವರ್ಷಕ್ಕೆ 28,000 ಡಾಲರಿಗೂ ಮೇಲೆಂದು 2025ರಲ್ಲಿ ಗೊತ್ತುಮಾಡಲಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಭಾರತದ ಕಂಪೆನಿಗಳು ತಯಾರಿಸುವ ಜೆನೆರಿಕ್ ರೂಪವು 2027ರಿಂದ ಬಡದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ದೊರೆಯುವ ಒಪ್ಪಂದಗಳು ಪ್ರಕಟವಾದವು. 2001ರಲ್ಲಿ ಬೆಲೆ ಇಳಿಸಲು ಜನ ಬೀದಿಗಿಳಿಯಬೇಕಾಗಿತ್ತು. ಈ ಬಾರಿ ಅಷ್ಟು ಸಾವುಗಳನ್ನು ಕಾಯದೆ ಬೆಲೆ ಇಳಿದಿದ್ದರೆ, ಅಂದು ಬೀದಿಗಿಳಿದವರ ಋಣ ಅದರಲ್ಲಿದೆ.

ನಮ್ಮ ಪಾಲಿಗೆ ಏನು?

ನಮ್ಮ ಕಥೋಲಿಕ ಕುಟುಂಬಗಳಿಗೆ ಆಫ್ರಿಕಾ ತೀರ ದೂರದ್ದಲ್ಲ. ನಮ್ಮ ಮನೆಗಳಿಂದ ಹೋದ ಅನೇಕ ಧಾರ್ಮಿಕ ಸಹೋದರಿಯರೂ ಗುರುಗಳೂ ಅಲ್ಲಿನ ಆಸ್ಪತ್ರೆ, ಚಿಕಿತ್ಸಾಲಯಗಳಲ್ಲಿ ದುಡಿಯುತ್ತಿದ್ದಾರೆ. ಅವರು ರಜೆಯಲ್ಲಿ ಊರಿಗೆ ಬಂದಾಗ ಅಲ್ಲಿನ ಬಿಸಿಲು, ಕಾಡು, ಊಟಗಳ ಬಗ್ಗೆ ಕೇಳುತ್ತೇವೆ. ಅಲ್ಲಿನ ಜನ ತಮ್ಮ ಆರೋಗ್ಯಕ್ಕಾಗಿ ಏನು ಮಾಡುತ್ತಿದ್ದಾರೆ, ಯಾರನ್ನು ಪ್ರಶ್ನಿಸುತ್ತಿದ್ದಾರೆ ಎಂದೂ ಕೇಳೋಣ. ಮಿಶನ್ ಭಾನುವಾರದಂದು ಕಾಣಿಕೆ ಹಾಕುವಾಗ, ಅದನ್ನು ಪಡೆಯುವವನು ನಮ್ಮ ಮುಂದೆ ತಲೆತಗ್ಗಿಸಿ ನಿಲ್ಲಬೇಕಾದವನಲ್ಲ, ತನ್ನ ಪಾಲನ್ನು ಪಡೆಯುತ್ತಿರುವ ಸಹೋದರ ಎಂಬ ಭಾವನೆಯಿಂದ ಹಾಕೋಣ.

ಮುಂದಿನ ಫೆಬ್ರವರಿ 11ರಂದು ಆಸ್ಪತ್ರೆಗೆ ಹೋಗುವ ನಮ್ಮ ಯುವಜನರಲ್ಲಿ ಒಂದು ಬಿನ್ನಹ. ಹಣ್ಣನ್ನು ಕೈಗಿತ್ತು ಮುಂದಿನ ಮಂಚಕ್ಕೆ ಸರಿಯುವ ಮೊದಲು ರೋಗಿಯ ಬಳಿ ತುಸು ಹೊತ್ತು ಕುಳಿತುಕೊಳ್ಳಿ. ಔಷಧ ಸಿಗುತ್ತಿದೆಯೇ, ಹೊರಗಿನಿಂದ ಹಣ ಕೊಟ್ಟು ತರಬೇಕಾಯಿತೇ, ವೈದ್ಯರು ನಿಮ್ಮ ಮಾತನ್ನು ಕೇಳಿದರೇ ಎಂದು ವಿಚಾರಿಸಿ. ಉತ್ತರ ನಿಮಗೆ ನೆಮ್ಮದಿ ತರದೆ ಇರಬಹುದು. ಹಾಗಿದ್ದರೆ ಆ ಅಶಾಂತಿಯನ್ನು ಮನೆಗೆ ತನ್ನಿರಿ. ಧರ್ಮಕೇಂದ್ರದ ಪಾಲನಾ ಸಮಿತಿಯ ಸಭೆಯಲ್ಲಿ ಮುಂದಿಡಿರಿ. ಸಂಜೆಯ ಜಪಸರದ ವೇಳೆ ಆ ರೋಗಿಯ ಹೆಸರನ್ನು ಹೇಳಿ ಪ್ರಾರ್ಥಿಸಿರಿ. ಆಫ್ರಿಕಾದ ಸೋಂಕಿತ ತಾಯಂದಿರಿಗಾಗಿಯೂ, ಅವರಿಗಾಗಿ ಇಂದಿಗೂ ಬಾಗಿಲು ತಟ್ಟುತ್ತಿರುವವರಿಗಾಗಿಯೂ ಅದೇ ಪ್ರಾರ್ಥನೆಯಲ್ಲಿ ಒಂದು ಮಾತು ಸೇರಿರಲಿ.